ಮುದಿ ಕೊಕ್ಕರೆಯ ಎದುರು ನಿಂತು

ಚಿತ್ರ ಬಿಡುಗಡೆಯಾಗಿದೆ, ಕರಾರಿನ ಪ್ರಕಾರ ಇನ್ನು ನಾನು ಬಾಯಿ ಬಿಡಬಹುದು. ಕರಾರೆಂದರೆ, ಕ್ಯಾಲಿಫೋರ್ನಿಯಾದ ಎಮರಿವಿಲ್‌ನ ನಮ್ಮ ಆನಿಮೇಷನ್ ಸ್ಟುಡಿಯೋದಲ್ಲಿ ಹೊಸ ಚಿತ್ರ ಶುರುವಾಗುವ ಮುಂಚೆ ಎಲ್ಲರಿಂದ ಸಹಿ ಹಾಕಿಸಿಕೊಳ್ಳುವ ಗೌಪ್ಯತೆಯ ಪ್ರತಿಜ್ಞೆ. ಯಾವ ಪಾತ್ರಕ್ಕೆ ಯಾರ ದನಿ ಎಂಬುದನ್ನು ಗಂಡ, ಮಕ್ಕಳು, ನೆರೆಹೊರೆ, ದೇವಸ್ಥಾನದಲ್ಲಿ ಪ್ರಸಾದದ ಸಾಲಿನಲ್ಲಿ ಹಿಂದೆ ನಿಂತವರು, ಇವರಲ್ಲಿ ಯಾರಿಗೂ ಹೇಳಕೂಡದು. ಕೊನೆಯದು ಕರಾರಿನಲ್ಲಿ ಇಲ್ಲ. ನಮ್ಮವರೇ ತುಂಬಿರುವ ಸನ್ನಿವೇಲ್‌ನಲ್ಲಿ ಸಂಸಾರ ಮಾಡುವವಳಾಗಿ ನಾನೇ ಸೇರಿಸಿಕೊಂಡ ತಿದ್ದುಪಡಿ. ಪ್ರತಿಜ್ಞೆಯನ್ನು ಅಕ್ಷರಶಃ ಪಾಲಿಸಿದೆ. ಅದಕ್ಕಾಗಿ ನನ್ನ ಮಗಳು ನನ್ನನ್ನು ಇನ್ನೂ ಪೂರ್ತಿಯಾಗಿ ಕ್ಷಮಿಸಿಲ್ಲ.

ನನ್ನ ಕೆಲಸ ಮಾತು ಹಿಡಿಯುವುದು. ನಟರು ಗಾಜಿನ ಆಚೆ ಬೂತಿನಲ್ಲಿ ನಿಂತು ಮಾತಾಡುತ್ತಾರೆ, ನಾನು ಈಚೆ ಕೂತು ಅದು ಕೆಡದಂತೆ ಯಂತ್ರದೊಳಗೆ ಇಳಿಸುತ್ತೇನೆ. ನಮ್ಮಲ್ಲಿ ಮಾತು ಮೊದಲು, ಚಿತ್ರ ಆಮೇಲೆ. ದನಿ ಹೇಗೆ ಏರಿಳಿಯುತ್ತದೋ ಅದನ್ನು ಕೇಳಿಕೊಂಡು ಚಿತ್ರಕಾರರು ಕೊಕ್ಕು, ರೆಪ್ಪೆ, ರೆಕ್ಕೆಗಳನ್ನು ಅಲುಗಿಸುತ್ತಾರೆ. ಆದ್ದರಿಂದ ದನಿ ಸತ್ತಿದ್ದರೆ ಮುಂದೆ ನೂರಾರು ಜನ ವರ್ಷಗಟ್ಟಲೆ ಕೂತು ಒಂದು ಹೆಣವನ್ನು ಅಲಂಕರಿಸಬೇಕಾಗುತ್ತದೆ.

ಈ ಚಿತ್ರದಲ್ಲಿ ದೀಪಸ್ತಂಭ ಕಾಯುವ ಒಂದು ಮುದಿ ಕೊಕ್ಕರೆಯಿದೆ. ಅದರ ತಲೆ ತಿನ್ನಲು ಒಂದು ನೀರುನಾಯಿ ಮರಿ ಇದೆ, ಹೆಣ್ಣು. ಮರಿ ಪ್ರಶ್ನೆ ಕೇಳುತ್ತದೆ, ಕೊಕ್ಕರೆ ಗೊಣಗುತ್ತದೆ. ಚಿತ್ರದ ಜೀವವೆಲ್ಲ ಅಲ್ಲೇ. ಮರಿಯ ಮಾತುಗಳನ್ನು ಒಬ್ಬ ಬಾಲನಟಿಯಿಂದ ಮುಂಚೆಯೇ ಮುದ್ರಿಸಿಕೊಂಡಾಗಿತ್ತು. ಕೊಕ್ಕರೆಗೆ ಜಪಾನಿನಿಂದ ಒಬ್ಬ ಕಂಠನಟರನ್ನು ಕರೆಸಲಾಗುವುದೆಂದು ಮೀಟಿಂಗಿನಲ್ಲಿ ಘೋಷಣೆಯಾಗಿ, ಅವರ ಹೆಸರು ಪರದೆಯ ಮೇಲೆ ಮೂಡಿದಾಗ, ಐವತ್ತು ದಾಟಿದ, ಗಂಭೀರ ಸ್ವಭಾವದ, ಇಂಥ ವಿಷಯಗಳಲ್ಲಿ ಏನೂ ತಿಳಿಯದವಳೆಂದು ಹೆಸರಾದ ನಾನು ಕಾಫಿ ಚೆಲ್ಲಿಕೊಂಡೆ.

ಏಕೆಂದರೆ ಆ ಮಹನೀಯರು ನಮ್ಮ ಮನೆಯಲ್ಲಿ ಆಗಲೇ ವಾಸವಾಗಿದ್ದರು. ಆಗ ಹೈಸ್ಕೂಲಿನ ಕೊನೆಯ ವರ್ಷದಲ್ಲಿದ್ದ ಮಗಳ ಕೋಣೆಯ ಗೋಡೆಯ ಮೇಲೆ ಅವರು ದನಿ ಕೊಟ್ಟ ಪಾತ್ರಗಳು ದಶಾವತಾರದ ಪಟದಂತೆ ಸಾಲಾಗಿ ನಿಂತಿದ್ದವು. ನಡುವೆ ಅವರದೇ ಫೋಟೋ. ಅವರ ಹುಟ್ಟುಹಬ್ಬದಂದು ನಮ್ಮ ಊರಿನ ಒಂದು ಬೋಬಾ ಚಹಾದ ಅಂಗಡಿಯನ್ನು ಅಭಿಮಾನಿ ಮಕ್ಕಳು ಇಡೀ ದಿನಕ್ಕೆ ಹಿಡಿದುಕೊಂಡು, ಪ್ರತಿ ಲೋಟಕ್ಕೂ ಅವರ ಚಿತ್ರವಿರುವ ಕಾಗದದ ಪಟ್ಟಿ ತೊಡಿಸಿ ಜಯಂತಿ ಆಚರಿಸುತ್ತಾರೆ. ಜಯಂತಿ ಯಾರದೋ ಅವರು ಸಾವಿರಾರು ಮೈಲಿ ಆಚೆ ಇರುತ್ತಾರೆ, ಅವರಿಗೆ ಈ ಅಂಗಡಿ ಇರುವುದೂ ತಿಳಿಯದು. ಮಗಳನ್ನು ಅಲ್ಲಿಗೆ ಬಿಟ್ಟು, ಕಾರಿನಲ್ಲೇ ಕೂತು ಕಾದು, ಲೋಟದ ಪಟ್ಟಿಗಳನ್ನು ಮಡಚದೆ ಮನೆಗೆ ತಂದ ಪುಣ್ಯ ನನ್ನ ಖಾತೆಯಲ್ಲಿದೆ.

ಅವರ ಪುರಾಣವೂ ನನಗೆ ಫ್ರೀವೇ ಮೇಲೆ ಕಂತುಕಂತಾಗಿ ಪಾರಾಯಣವಾಗಿತ್ತು. ಮೊದಲ ವರ್ಷಗಳಲ್ಲಿ ಅವರಿಗೆ ಸಿಕ್ಕಿದ್ದೆಲ್ಲ ಗುಂಪಿನ ಗದ್ದಲ: ಸಂತೆಯಲ್ಲಿ ಕೂಗುವವನು, ಸೈನಿಕರಲ್ಲಿ ಹಿಂದಿನವನು, ಬೆಂಕಿ ಬಿದ್ದಾಗ ಓಡುವ ಹಳ್ಳಿಗ. ಆಮೇಲೆ ಒಬ್ಬ ನಾಯಕನ ಸೋಂಬೇರಿ ಗೆಳೆಯನ ಪಾತ್ರ. ನಾಯಕನನ್ನು ಜನ ಮರೆತರು, ಗೆಳೆಯನನ್ನು ಎತ್ತಿಕೊಂಡರು. ಆ ಗೆಳೆಯನ ದನಿಯಲ್ಲೇ ಹಾಡಿದ ಹಾಡು ಮನೆಮನೆ ಹೊಕ್ಕಿತು. ಮುಂದೆ ಸ್ವಂತ ದನಿಯಲ್ಲಿ ಹಾಡುಗಳು, ವಾರವಾರ ರೇಡಿಯೋ ಹರಟೆ, ಜನ ಬಣ್ಣದ ದೀಪದ ಕೋಲು ಬೀಸಿ ಕುಣಿಯುವ ದೊಡ್ಡ ಸಭಾಂಗಣಗಳು.

ಇಂಥವರು ನಮ್ಮ ಬೂತಿಗೆ ಬರುತ್ತಾರೆ, ಮತ್ತು ಅದನ್ನು ನಾನು ಮನೆಯಲ್ಲಿ ಹೇಳುವಂತಿಲ್ಲ. ಭೀಷ್ಮರಿಗೆ ಹದಿಹರೆಯದ ಮಗಳಿರಲಿಲ್ಲ; ಅವರ ಪ್ರತಿಜ್ಞೆ ಸುಲಭದ್ದು.

ಅವರು ಬಂದದ್ದು ಸೋಮವಾರ ಮಧ್ಯಾಹ್ನ. ಜೊತೆಗೆ ದುಭಾಷಿಯೂ ಆಗಿದ್ದ ಮ್ಯಾನೇಜರು, ಚುರುಕಿನ ಹೆಂಗಸು. ಊಟದ ಹೊತ್ತು ಕಳೆದಿದ್ದರೂ ನಟರು ಬಾಗಿ ಜಪಾನಿ ಭಾಷೆಯಲ್ಲಿ ಶುಭೋದಯ ಹೇಳಿದರು. ಅವರ ಕಸುಬಿನಲ್ಲಿ ಸಂಜೆ ಬಂದರೂ ಮೊದಲ ಭೇಟಿಗೆ ಶುಭೋದಯವೇ ಅಂತೆ. ಅವರ ಉಡುಪು ನೋಡಿ ನನ್ನ ಹೊಟ್ಟೆ ತಣ್ಣಗಾಯಿತು: ಮೆತ್ತನೆಯ ಹತ್ತಿಬಟ್ಟೆ, ಬೆಲ್ಟಿಲ್ಲ, ಕೈಗಡಿಯಾರವಿಲ್ಲ, ಜೇಬಿನಲ್ಲಿ ಚಿಲ್ಲರೆ ಇಲ್ಲ. ಸದ್ದು ಮಾಡುವ ಏನನ್ನೂ ಮೈಮೇಲೆ ಇಟ್ಟುಕೊಂಡಿರಲಿಲ್ಲ. ಬೂತಿನ ಬಾಗಿಲಲ್ಲಿ ಶೂ ಬಿಚ್ಚಿದರು. ಸ್ಕ್ರಿಪ್ಟಿನ ಪ್ರತಿ ಹಾಳೆಯ ಮೂಲೆಯನ್ನೂ ಮೊದಲೇ ಮಡಚಿಟ್ಟಿದ್ದರು, ತಿರುಗಿಸುವಾಗ ಸರಸರ ಅನ್ನದಿರಲೆಂದು. ಇಲ್ಲಿನ ಘಟಾನುಘಟಿಗಳು ಗರಿಗರಿ ಜಾಕೆಟ್ಟು ತೊಟ್ಟು, ಚಿಪ್ಸ್ ತಿಂದುಕೊಂಡು ಬೂತು ಹೊಕ್ಕಿದ್ದನ್ನು ಕಂಡವಳು ನಾನು.

ನಮ್ಮ ಪದ್ಧತಿ ಹೀಗೆ. ಬೂತಿನಲ್ಲಿ ನಟರು ಒಬ್ಬರೇ. ಬಾಯಿಂದ ಗೇಣು ದೂರದಲ್ಲಿ ತಲೆಕೆಳಗಾಗಿ ತೂಗುಬಿಟ್ಟ ಮೈಕು, ಅದರ ಕೆಳಗೆ ಸದ್ದು ಹೀರಲು ಕಾರ್ಪೆಟ್ ಅಂಟಿಸಿದ ಸ್ಟ್ಯಾಂಡು. ಒಂದೊಂದು ಮಾತನ್ನೂ ಒಂದರ ಹಿಂದೊಂದರಂತೆ ಮೂರು ಸಲ, ಮೂರು ಬಗೆಯಲ್ಲಿ ಹೇಳಬೇಕು. ಎದುರು ಪಾತ್ರ ಯಾರದೆಂಬ ಯೋಚನೆ ಬೇಡ. ಅದನ್ನೆಲ್ಲ ಆಮೇಲೆ ಎಡಿಟರು ಜೋಡಿಸುತ್ತಾರೆ.

ನಟರ ಇಂಗ್ಲಿಷು ಕಲಿತು ತೀಡಿದ್ದು, ಸ್ಪಷ್ಟವಾಗಿತ್ತು. ಆದರೆ ಮೊದಲ ಮಾತು ಮುಗಿದ ಕೂಡಲೇ ಅವರೊಂದು ವಿಚಿತ್ರ ಮಾಡಿದರು. ಒಂದು ಹೆಜ್ಜೆ ಹಿಂದಕ್ಕೆ, ಒಂದು ಎಡಕ್ಕೆ, ಬೆಕ್ಕಿನಂತೆ ಸರಿದು ನಿಂತರು. ಎರಡನೇ ಸಲಕ್ಕೆ ಮತ್ತೆ ಮೈಕಿನ ಮುಂದೆ ಬಂದರು, ಹೇಳಿದರು, ಮತ್ತೆ ಸರಿದರು. ಬರುತ್ತ ಹೋಗುತ್ತ ದನಿಯ ಮಟ್ಟ ಹೆಚ್ಚುಕಮ್ಮಿಯಾಗತೊಡಗಿತು. ನಿರ್ದೇಶಕಿ ನನ್ನತ್ತ ನೋಡಿದರು. ಇಂಥ ಕಾಲುಗಳಿಗೆ ನಮ್ಮ ಸ್ಟುಡಿಯೋದಲ್ಲಿ ಸಿದ್ಧೌಷಧ ಇದೆ. ಒಳಗೆ ಹೋಗಿ ನೆಲದ ಮೇಲೆ ಬಿಳಿ ಟೇಪಿನಿಂದ ಕತ್ತರಿ ಗುರುತು ಹಾಕಿ ಬಂದೆ. ಅವರು ಅದನ್ನು ನೋಡಿದರು, ಅದಕ್ಕೂ ಒಮ್ಮೆ ಬಾಗಿ, ಅದರ ಮೇಲೆ ನಿಂತರು. ಆ ದಿನವೆಲ್ಲ ಅಲ್ಲಿಂದ ಕದಲಲಿಲ್ಲ. ದನಿಯೂ ಕದಲಲಿಲ್ಲ.

ನಿರ್ದೇಶಕಿ ಒಳ್ಳೆಯವರು, ಕ್ಯಾಲಿಫೋರ್ನಿಯಾದವರು. ಇಲ್ಲಿನ ಸಭ್ಯತೆಯಲ್ಲಿ 'ಐ ಲವ್ ಇಟ್' ಎಂದರೆ ಇನ್ನೊಮ್ಮೆ ಹೇಳಿ ಎಂದರ್ಥ. ಅವರು ಐ ಲವ್ ಇಟ್ ಅಂದರು, ನಟರು ತಲೆಬಾಗಿಸಿ ಆಗಲಿ ಅಂದರು. ಎರಡು ದೇಶಗಳ ಸೌಜನ್ಯ ಎದುರಾಬದುರಾ ಕೂತು ಸಂಜೆಯವರೆಗೆ ಒಂದನ್ನೊಂದು ಸನ್ಮಾನಿಸಿದವು. ಕೊಕ್ಕರೆ ಮಾತ್ರ ಹುಟ್ಟಲಿಲ್ಲ.

ಮಾತು ಕತ್ತರಿಸಿ ಜೋಡಿಸುವ ಎಡಿಟರು ಮಂಡ್ಯದವರು. ನಾನು ಅವರನ್ನು ಗೌಡ್ರೇ ಎನ್ನುತ್ತೇನೆ, ಅವರು ನನ್ನನ್ನು ಮೇಡಂ ಎನ್ನುತ್ತಾರೆ. ಸ್ಟುಡಿಯೋದಲ್ಲಿ ನಮ್ಮ ಕನ್ನಡವನ್ನು ಉಳಿದವರು ಯಾವುದೋ ತಾಂತ್ರಿಕ ಸಂಕೇತವೆಂದು ಗೌರವಿಸುತ್ತಾರೆ. ಅವತ್ತಿನ ಮುದ್ರಣವನ್ನೆಲ್ಲ ಕೇಳಿ ಅವರು ಹೆಡ್‌ಫೋನು ತೆಗೆದರು.

"ಹೆಂಗೈತೆ ಗೌಡ್ರೇ?" ಎಂದೆ, ಅವರ ಧಾಟಿಯಲ್ಲೇ.

"ಎಲ್ಲಾ ಸರ್ಯಾಗೈತೆ ಮೇಡಂ, ಅದೇ ತೊಂದ್ರೆ. ಕತ್ತರ್ಸಕ್ಕೆ ಒಂದು ತಪ್ಪೂ ಸಿಗ್ತಿಲ್ಲ, ಇಟ್ಕಳಕ್ಕೆ ಒಂದು ಲೈನೂ ಸಿಗ್ತಿಲ್ಲ."

ಮಂಗಳವಾರ ಚಿಕಿತ್ಸೆ ಬದಲಾಯಿಸಿದೆವು. ಬೇರೆ ಮೈಕು ಕಟ್ಟಿದೆ, ಇನ್ನಷ್ಟು ಬೆಚ್ಚಗೆ ಕೇಳುವಂಥದ್ದು. ಅದೇ ನಿರ್ಜೀವ ದನಿ ಬೆಚ್ಚಗೆ ಕೇಳಿಸಿತು. ಗಾಜಿಗೆ ಕೊಕ್ಕರೆಯ ರೇಖಾಚಿತ್ರಗಳನ್ನು ಅಂಟಿಸಿದೆವು. ಬಾಲನಟಿಯ ಮಾತುಗಳನ್ನು ಹೆಡ್‌ಫೋನಿನಲ್ಲಿ ಕೇಳಿಸಿ ಉತ್ತರ ಹೇಳಿಸಿದೆವು. ಅವರು ಮಗುವಿನ ಮಾತು ಮುಗಿಯುವವರೆಗೆ ಕಾದು, ಟೇಪಿನ ಮೇಲೆ ನೆಟ್ಟಗೆ ನಿಂತು, ಬ್ಯಾಂಕಿನ ಕೌಂಟರಿನಲ್ಲಿ ಉತ್ತರಿಸುವಂತೆ ಉತ್ತರಿಸಿದರು. ಸ್ವಲ್ಪ ಹುರುಪು ಬೇಕೆಂದು ನಿರ್ದೇಶಕಿ ಕೇಳಿದರು. ದನಿ ದೊಡ್ಡದಾಯಿತು, ಅಷ್ಟೇ.

ಆ ಮಧ್ಯಾಹ್ನ ಮೇಲಿನಿಂದ ಸುದ್ದಿ ಇಳಿಯಿತು. ಶುಕ್ರವಾರ ನಿರ್ಮಾಪಕರು ಖುದ್ದು ಬಂದು ಕೇಳುತ್ತಾರೆ. ಮೆಚ್ಚದಿದ್ದರೆ ಕೊಕ್ಕರೆ ಬೇರೆಯವರ ಪಾಲು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಒಬ್ಬ ಗೊಗ್ಗರು ದನಿಯ ನಟನಿಗೆ ಶನಿವಾರ ಬಿಡುವು ಇಟ್ಟುಕೊಳ್ಳಲು ಹೇಳಿಯೂ ಆಗಿತ್ತು.

ಕಾಫಿ ಯಂತ್ರದ ಬಳಿ ಮ್ಯಾನೇಜರು ಸಿಕ್ಕರು. ಅವರಿಗೂ ವಿಷಯ ಗೊತ್ತಾಗಿತ್ತು. ಧ್ವನಿ ಎಂಜಿನಿಯರ್ ಎದುರು ಜನ ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ನಮ್ಮನ್ನೂ ಯಂತ್ರದ ಭಾಗವೆಂದು ತಿಳಿಯುತ್ತಾರೋ ಏನೋ. ಈ ಪಾತ್ರಕ್ಕಾಗಿ ನಟರು ಒಂದು ಸಂಗೀತ ಪ್ರವಾಸವನ್ನೇ ಬಿಟ್ಟು ಬಂದಿದ್ದಾರೆ ಎಂದರು. ಅವರ ಜನಪ್ರಿಯತೆಯೆಲ್ಲ ಊರೊಳಗಿನದು, ಬೇರೆ ಭಾಷೆಯಲ್ಲಿ ಅವರ ದನಿಗೆ ಬೆಲೆಯಿಲ್ಲ ಎಂದು ಅಲ್ಲಿನ ಹಿರಿಯರೇ ಹೇಳಿ ಕಳಿಸಿದ್ದಾರಂತೆ. ಈಗ ವಾಪಸು ಕಳಿಸಿದರೆ ಅದೇ ಮಾತು ನಿಜವಾಗುತ್ತದೆ, ಮತ್ತೆ ಅವರು ಪ್ರಯತ್ನಿಸುವುದಿಲ್ಲ. ಕೊನೆಗೆ, ದನಿ ತಗ್ಗಿಸಿ, ನಟರದೊಂದು ಪ್ರಶ್ನೆಯಿದೆ ಎಂದರು: ಒಂದು ಮಾತನ್ನು ಮೂರು ಸಲ ಹೇಳಿಸುವುದು ಮೊದಲೆರಡು ಕೆಟ್ಟದಾಗಿದ್ದುದರಿಂದಲೇ?

ಅದು ಇಲ್ಲಿನ ಪದ್ಧತಿ ಅಷ್ಟೇ, ಎಲ್ಲರಿಂದಲೂ ಹೇಳಿಸುತ್ತೇವೆ ಎಂದೆ. ಮ್ಯಾನೇಜರು ಹೋಗಿ ಹೇಳಿದರು. ಗಾಜಿನಾಚೆ ಅವರು ತಲೆಯಾಡಿಸಿದ್ದು ಕಂಡಿತು. ನಂಬಿದಂತೆ ಕಾಣಲಿಲ್ಲ.

ಸಂಜೆ ಮನೆಯಲ್ಲಿ ಚಪಾತಿ ಲಟ್ಟಿಸುತ್ತ, ಕರಾರಿನ ಒಂದು ಅಕ್ಷರಕ್ಕೂ ಭಂಗ ಬಾರದಂತೆ, ಮಗಳನ್ನು ವಿಚಾರಣೆಗೆ ಒಳಪಡಿಸಿದೆ.

"ಅಲ್ಲ ಕಣೇ, ನಿನ್ನ ಗೋಡೆ ಮೇಲಿದಾರಲ್ಲ, ಅವರಲ್ಲಿ ಅಂಥಾದ್ದೇನಿದೆ? ಅದಕ್ಕಿಂತ ಒಳ್ಳೇ ದನಿ ನಮ್ಮ ಕನ್ನಡ ಕೂಟದಲ್ಲೇ ಸಿಗತ್ತೆ."

ಮಗಳು ಫೋನಿನಿಂದ ತಲೆಯೆತ್ತಿದಳು. ಅದೇ ಒಂದು ಸಾಧನೆ. "ಅಮ್ಮಾ, ಇಟ್ಸ್ ನಾಟ್ ದ ವಾಯ್ಸ್. ಎವ್ರಿಬಡಿ ಹ್ಯಾಸ್ ಎ ವಾಯ್ಸ್."

"ಮತ್ತೆ?"

"ಹಿ ಲಿಸನ್ಸ್. ಬೇರೆಯವ್ರು ಮಾತಾಡ್ವಾಗ ಅವ್ರನ್ನ ನೋಡು. ವೇಯ್ಟ್, ಐ'ಲ್ ಶೋ ಯು."

ತೋರಿಸಿದಳು. ಅವರ ರೆಕಾರ್ಡಿಂಗ್ ಕೋಣೆಯ ಒಂದು ತುಣುಕು. ಗೋಡೆಯ ಮೇಲೆ ಪರದೆ, ಅದರ ಮುಂದೆ ಸಾಲಾಗಿ ನಾಲ್ಕು ಮೈಕು, ಹಿಂದೆ ಬೆಂಚಿನ ಮೇಲೆ ಹತ್ತಾರು ನಟರು. ಮಾತು ಇದ್ದವರು ಎದ್ದು ಬಂದು, ಖಾಲಿ ಮೈಕಿಗೆ ನಿಂತು, ಹೇಳಿ, ಒಂದು ಹೆಜ್ಜೆ ಹಿಂದೆ, ಒಂದು ಪಕ್ಕಕ್ಕೆ. ಆ ಜಾಗಕ್ಕೆ ಮುಂದಿನವರು. ಯಾರೂ ಯಾರಿಗೂ ತಾಗುವುದಿಲ್ಲ, ಒಂದು ಹಾಳೆಯೂ ಸದ್ದು ಮಾಡುವುದಿಲ್ಲ. ಮತ್ತು ನಮ್ಮವರು, ಅವರನ್ನು ಅಷ್ಟು ಹೊತ್ತಿಗೆ ನಮ್ಮವರು ಅನ್ನತೊಡಗಿದ್ದೆ, ಬೆನ್ನು ತಿರುಗಿಸಿ ನಿಂತಾಗಲೂ ಪಕ್ಕದವರ ಮಾತಿಗೆ ಭುಜ, ಕುತ್ತಿಗೆ, ಹುಬ್ಬು ಎಲ್ಲದರಲ್ಲೂ ಹೂಂಗುಡುತ್ತಿದ್ದರು.

ನನ್ನ ಚಪಾತಿ ಹೆಂಚಿನ ಮೇಲೆ ಸೀದಿತು. ಕಾಲೇಜಿನ ದಿನಗಳಲ್ಲಿ ಮೈಸೂರಿನಲ್ಲಿ ನಾನು ರೇಡಿಯೋ ನಾಟಕಗಳಿಗೆ ಹೋಗುತ್ತಿದ್ದೆ. ಆಗ ಇದ್ದದ್ದು ಒಂದೇ ಮೈಕು, ಅದರ ಸುತ್ತ ಇಡೀ ಕುಟುಂಬ, ಅಂದರೆ ನಾಟಕದ ಕುಟುಂಬ. ಮಾತು ಮುಗಿದವರು ಸರಿದು ಮುಂದಿನವರಿಗೆ ದಾರಿ ಬಿಡಬೇಕು; ಬಿಡದಿದ್ದರೆ ಮಾವನ ಮಾತಿಗೆ ಸೊಸೆ ಅಡ್ಡ ನಿಂತಂತೆ. ನಮ್ಮ ಬೂತಿನಲ್ಲಿ ಅವರು ಸರಿದು ಸರಿದು ಜಾಗ ಬಿಡುತ್ತಿದ್ದದ್ದು ಎದುರಿನವರಿಗೆ. ಬರಬೇಕಾದವರು ಯಾರೂ ಬರಲಿಲ್ಲ. ಅದರ ಮೇಲೆ ನಾವು ಕಾಲಿಗೆ ಟೇಪು ಹಾಕಿದೆವು.

"ಆರ್ ಯು ಓಕೇ?" ಎಂದಳು ಮಗಳು. ಜಪಾನಿನ ಸಂಸ್ಕೃತಿಯ ಬಗ್ಗೆ ಆಲೋಚಿಸುತ್ತಿದ್ದೇನೆ ಎಂದೆ. ಸುಳ್ಳಲ್ಲ.

ಬುಧವಾರ ಬೆಳಗ್ಗೆ ನಿರ್ದೇಶಕಿಯ ಮುಂದೆ ಮನವಿ ಸಲ್ಲಿಸಿದೆ. ನಟರ ಜೊತೆ ಬೂತಿನಲ್ಲಿ ಇನ್ನೊಬ್ಬರು ನಿಂತು ನೀರುನಾಯಿ ಮರಿಯ ಮಾತುಗಳನ್ನು ಓದಬೇಕು, ಎದುರಾ ಎದುರು, ದೃಶ್ಯ ಪೂರ್ತಿ, ನಿಲ್ಲಿಸದೆ. ಮೂರು ಸಲದ ಪದ್ಧತಿ ಬಿಡಬೇಕು. ಅವರು ಐ ಲವ್ ಇಟ್ ಅಂದರು. ಈ ಸಲ ಅದರರ್ಥ ಬೇಡ ಎಂದು. ಕಾರಣ ನನಗೂ ಗೊತ್ತಿತ್ತು: ಸೋರಿಕೆ. ಇಬ್ಬರು ಒಂದೇ ಕೋಣೆಯಲ್ಲಿ ಮಾತಾಡಿದರೆ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ನುಗ್ಗುತ್ತದೆ. ಹಾಗೆ ನುಗ್ಗಿದ್ದನ್ನು ಬೇರ್ಪಡಿಸುವುದು ಸಾರಿನಿಂದ ಉಪ್ಪು ತೆಗೆದಂತೆ.

ಗೌಡ್ರೂ ಅದೇ ಹಾಡಿದರು. "ಓದೋರ ದನಿ ಕೊಕ್ಕರೆ ಗಂಟಲೊಳಗೆ ಹೊಕ್ಕಂಡ್ರೆ ನಾನು ಎಲ್ಲೀಂತ ಕತ್ತರಿ ಹಾಕ್ಲಿ? ಆಮೇಲೆ ಮರಿ ದನಿಗೆ ಆ ಹುಡ್ಗೀದು ಕೂರ್ಸಬೇಕು. ಎರಡೆರಡು ಮರಿ ಆಯ್ತವೆ."

ಅದಕ್ಕೆ ನನ್ನ ಬಳಿ ಉತ್ತರವಿತ್ತು. ಮುಂದಿನಿಂದ ಹಿಂದಿನಿಂದ ಕೇಳಿಸಿಕೊಂಡು ಎರಡೂ ಪಕ್ಕಕ್ಕೆ ಪೂರ್ತಿ ಕಿವುಡಾಗಿರುವ ಒಂದು ಜಾತಿಯ ಮೈಕಿದೆ. ಅಂಥ ಎರಡನ್ನು ಜಪಾನಿನ ಸಾಲಿನಂತೆ ಪಕ್ಕಪಕ್ಕ ನಿಲ್ಲಿಸಿದರೆ ಪ್ರತಿಯೊಬ್ಬರೂ ಪಕ್ಕದವರ ಮೈಕಿನ ಕಿವುಡು ಭಾಗದಲ್ಲಿ ಬೀಳುತ್ತಾರೆ. ಮೈಕುಗಳ ಹಿಂದಿನ ಕಿವಿಗೆ ದಪ್ಪ ಕಂಬಳಿ ತೂಗುಹಾಕಿದರಾಯಿತು. ಸೋರಿಕೆ ಪೂರ್ತಿ ನಿಲ್ಲದು, ಕತ್ತರಿಗೆ ಸಿಗುವಷ್ಟು ಕಡಿಮೆಯಾದೀತು.

"ಓದೋರು ಯಾರು?" ಎಂದು ನಿರ್ದೇಶಕಿ ಕೇಳಿದರು. ಬಾಲನಟಿ ಶಾಲೆಯಲ್ಲಿದ್ದಳು, ಲಾಸ್ ಏಂಜಲೀಸಿನಲ್ಲಿ. ಮ್ಯಾನೇಜರು ಕಂಪನಿಯ ಲೆಕ್ಕದಲ್ಲಿ ದುಭಾಷಿ, ನಟಿಯಲ್ಲ. ಕೇಳಿದ್ದಕ್ಕೆ ಎರಡೂ ಕೈ ಆಡಿಸಿಬಿಟ್ಟರು. ಆಗ ನಾನು, ಈ ಕಸುಬಿನಲ್ಲಿ ಇಷ್ಟು ವರ್ಷ ಒಮ್ಮೆಯೂ ಮಾಡದ ಕೆಲಸವನ್ನು ಮಾಡಿದೆ. ನಾನೇ ಓದುತ್ತೇನೆಂದು ಕುರ್ಚಿ ಬಿಟ್ಟೆದ್ದು ಗೌಡ್ರನ್ನು ಅಲ್ಲಿ ಕೂರಿಸಿದೆ. ಸಿಂಹಾಸನ ತ್ಯಾಗವೆನ್ನಿ.

"ನಾನಾ?" ಎಂದರು ಗೌಡ್ರು. "ಮೇಡಂ, ನಾನು ಕತ್ತರ್ಸೋನು. ಹಿಡಿಯೋನಲ್ಲ."

"ಕೆಂಪು ಗುಂಡಿ ಒತ್ತಿ ಗೌಡ್ರೇ. ದನಿಯ ಅಳತೆ ಹಳದಿ ದಾಟಿದರೆ ಇಳಿಸಿ. ಉಳಿದದ್ದು ದೇವರು."

ನಿರ್ದೇಶಕಿ ನಮಗೆ ಒಂದು ಮಧ್ಯಾಹ್ನ ಕೊಟ್ಟರು. ಕೆಟ್ಟರೆ ಗುರುವಾರ ಹಳೆಯ ಪದ್ಧತಿ, ಶುಕ್ರವಾರ ನಿರ್ಮಾಪಕರು, ಶನಿವಾರ ಗೊಗ್ಗರು ದನಿ.

ಊಟ ಬಿಟ್ಟು ಮೈಕು ಕಟ್ಟಿದೆ. ಎರಡಕ್ಕೂ ನಡುವೆ ಒಂದೂವರೆ ಮಾರು. ಸ್ಟ್ಯಾಂಡುಗಳನ್ನು ಎದೆಮಟ್ಟಕ್ಕೆ ಇಳಿಸಿ ಮುಖ ಮುಖಕ್ಕೆ ಕಾಣುವಂತೆ ಓರೆ ಮಾಡಿದೆ. ಸಾಮಾನು ಸಾಗಿಸುವವರ ಕಂಬಳಿಗಳನ್ನು ತರಿಸಿ ಹಿಂದೆ ತೂಗಿಸಿದೆ. ಆಮೇಲೆ ಮಂಡಿಯೂರಿ ನೆಲದ ಮೇಲಿನ ಟೇಪು ಕಿತ್ತೆ. ನಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದದ್ದನ್ನೂ ನೋಡಿದರು. ಮೈಕಿನ ಮುಂದೆ ನಿಂತು ಕೈಯೆತ್ತಿದಾಗ ಬಳೆಗಳು ಘಲ್ಲೆಂದವು. ರೇಡಿಯೋ ನಿಲಯದಲ್ಲಿ ನಮ್ಮ ನಿರ್ಮಾಪಕರು ಹೆಂಗಸರನ್ನೆಲ್ಲ ಬಾಗಿಲಲ್ಲೇ ತಡೆದು ಬಳೆ ಬಿಚ್ಚಿಸುತ್ತಿದ್ದರು, ಬರದ ಬಳೆಗೆ ಕರವಸ್ತ್ರ ಸುತ್ತಿಸುತ್ತಿದ್ದರು. ನಾನು ಒಂದೊಂದಾಗಿ ಬಿಚ್ಚಿ ಗಾಜಿನ ಅಂಚಿನಲ್ಲಿಟ್ಟೆ. ಕೊನೆಯದು ಬರಲಿಲ್ಲ, ಈ ದೇಶದ ಊಟದ ಫಲ, ಕರವಸ್ತ್ರ ಸುತ್ತಿದೆ. ನಟರು ಅದನ್ನು ಕಂಡು ಮೊದಲ ಬಾರಿಗೆ ನಕ್ಕರು. ನಗುವಿಗೆ ದನಿ ಇರಲಿಲ್ಲ. ಬೂತಿನೊಳಗೆ ನಗುವ ಶಿಸ್ತೂ ಅವರಿಗಿತ್ತು.

ದೃಶ್ಯ ಇಷ್ಟೇ. ಮರಿ ಬಂದು, ದೀಪ ಯಾಕೆ ಉರಿಸುತ್ತೀ, ಈ ದಾರಿಯಲ್ಲಿ ಹಡಗೇ ಬರುವುದಿಲ್ಲವಲ್ಲ ಎನ್ನುತ್ತದೆ. ಕೊಕ್ಕರೆ ಗೊಣಗುತ್ತದೆ. ನಾನು ನೀರುನಾಯಿ ಮರಿಯಾದೆ. ನನ್ನ ಇಂಗ್ಲಿಷು ಮೈಸೂರಿನದು. ಮರಿಯೂ ಕುಕ್ಕರಹಳ್ಳಿ ಕೆರೆಯಿಂದ ಈಜಿ ಬಂದಂತೆ ಕೇಳಿಸಿರಬೇಕು. ಮೊದಲ ಪ್ರಶ್ನೆ ಕೇಳಿ, ಕಾಲು ತಾನಾಗಿಯೇ ನೆನಪಿಸಿಕೊಂಡು, ಹೆಜ್ಜೆ ಹಿಂದೆ ಸರಿದೆ.

ಅವರು ನನ್ನನ್ನು ನೋಡಿದರು. ಸ್ಕ್ರಿಪ್ಟನ್ನಲ್ಲ, ಗಾಜನ್ನಲ್ಲ. ಆಮೇಲೆ ಮೈಕಿಗೆ ಬಂದರು, ಬರುವಾಗಲೇ ಬೆನ್ನು ಬಾಗಿತ್ತು. ಉತ್ತರ ಕೊಡುವ ಮೊದಲು ಮೂಗಿನಲ್ಲಿ ಒಂದು ಉಸಿರು ಬಿಟ್ಟರು: ಎಪ್ಪತ್ತು ವರ್ಷ ಮೀನು ತಿಂದು ಬೇಸತ್ತ ಹಕ್ಕಿಯ ಉಸಿರು. ಸ್ಕ್ರಿಪ್ಟಿನಲ್ಲಿ ಅದಿರಲಿಲ್ಲ. ನಾನು ಮುಂದಿನ ಪ್ರಶ್ನೆಯನ್ನು ಬೇಗ ಕೇಳಿದೆ, ಮಕ್ಕಳು ಕೇಳುವ ಹಾಗೆ; ಅವರು ನನ್ನ ಮಾತಿನ ಬಾಲಕ್ಕೇ ಗೊಣಗು ಸೇರಿಸಿದರು. ತಡೆದು ಕೇಳಿದೆ, ತಡೆದು ಉತ್ತರಿಸಿದರು. ಎರಡು ದಿನದಿಂದ ಬ್ಯಾಂಕಿನ ಗುಮಾಸ್ತನಾಗಿದ್ದ ಆ ಇಂಗ್ಲಿಷಿಗೆ ಗರಿ ಬಂತು, ಕೊಕ್ಕು ಬಂತು, ಮಂಡಿನೋವು ಬಂತು. ನನಗೆ ಬೇಡವೆಂದರೂ ಮುಂದಿನ ಪ್ರಶ್ನೆ ಕೇಳಬೇಕೆನಿಸಿತು. ನಟನೊಬ್ಬನ ಬಗ್ಗೆ ಇದಕ್ಕಿಂತ ಹೆಚ್ಚು ಹೇಳಲು ನನಗೆ ಬಾರದು.

ದೃಶ್ಯ ಮುಗಿಯಿತು. ಸ್ಪೀಕರಿನಲ್ಲಿ ಗೌಡ್ರ ಕನ್ನಡ ಬಂತು.

"ಮೇಡಂ, ಕೆಂಪು ಗುಂಡಿ ಒತ್ತಿದ್ದೆ. ಬೈಯಬ್ಯಾಡಿ ಅಂತ ಮೊದ್ಲೇ ಯೋಳ್ತಿದೀನಿ."

"ಸೋರಿಕೆ?"

"ಕೇಳ್ಸತೈತೆ, ಸೊಳ್ಳೆ ಥರ. ಹೊಡೀತೀನಿ ಬುಡಿ."

ನಿರ್ದೇಶಕಿ ಗುಂಡಿ ಒತ್ತಿದರು. ಐ ಲವ್ ಇಟ್ ಅನ್ನಲಿಲ್ಲ. ಮುಂದಿನ ದೃಶ್ಯ ಎಂದರು.

ಗುರುವಾರ ಇಡೀ ದಿನ ಹಾಗೇ ನಡೆಯಿತು. ನಾನು ಮರಿಯಾದೆ, ಅದರ ಅಜ್ಜಿಯಾದೆ, ಬಿರುಗಾಳಿಯಲ್ಲಿ ಕೂಗುವ ಬೆಸ್ತರ ಗುಂಪಾದೆ. ಗುಂಪಿನ ಗದ್ದಲ ಬಂದಾಗ ನಟರು ತಮ್ಮ ಕೊಕ್ಕರೆಯನ್ನು ಪಕ್ಕಕ್ಕಿಟ್ಟು ನನ್ನ ಮೈಕಿಗೇ ಬಂದು, ನನ್ನ ಜೊತೆ ಬೆಸ್ತರಾಗಿ ಕೂಗಿದರು. ಸಭಾಂಗಣ ತುಂಬಿಸುವ ಮನುಷ್ಯ. ಅವರ ಅತ್ಯಂತ ಸಂತೋಷದ ಗಳಿಗೆ ಅದೇ ಎಂದು ಮ್ಯಾನೇಜರು ಆಮೇಲೆ ಹೇಳಿದರು. ಒಂದು ಕಡೆ ಅವರು ನನ್ನ ಪ್ರಶ್ನೆಯ ಮೇಲೇ ನಕ್ಕುಬಿಟ್ಟರು, ನಿಯಮದ ಪ್ರಕಾರ ಕೆಟ್ಟ ಟೇಕು. ಗೌಡ್ರು ಆ ನಗುವಿನ ಕೆಳಗಿನಿಂದ ನನ್ನನ್ನು ಇಡಿಯಾಗಿ ಕಿತ್ತು ತೆಗೆದು, ನಿಮ್ಮ ಕುರುಹೂ ಇಲ್ಲ ನೋಡಿ ಎಂದು ಹೆಮ್ಮೆಯಿಂದ ಕೇಳಿಸಿದರು. ನನ್ನ ಕಲಾಜೀವನದ ಪುನರಾಗಮನ ಅಷ್ಟು ಶುಚಿಯಾಗಿ ಮುಕ್ತಾಯವಾಯಿತು.

ಶುಕ್ರವಾರ ಹಾಡಿನ ದಿನ. ನಿರ್ಮಾಪಕರು ಬೆಳಗ್ಗೆಯೇ ಬಂದು, ಗೌಡ್ರ ಪಕ್ಕದಲ್ಲಿ ಕೂತು, ಹಿಂದಿನೆರಡು ದಿನದ ದೃಶ್ಯಗಳನ್ನು ಕೇಳಿದರು. ಮುಖ ನೋಡಿದರೆ ತೆರಿಗೆ ಇಲಾಖೆಯವರಂತಿತ್ತು. ಹಾಡು ಕೇಳಿ ಹೇಳುತ್ತೇನೆ ಎಂದಷ್ಟೇ ಅಂದರು.

ಹಾಡು ಜೋಗುಳ. ಕೊನೆಯ ಸಾಲು ಒಮ್ಮೆಗೇ ಮೇಲಕ್ಕೆ ಹಾರಿ, ಉದ್ದಕ್ಕೆ ನಿಲ್ಲುತ್ತದೆ. ಆ ಏರುದನಿಗೇ ಅವರು ಪ್ರಸಿದ್ಧರು. ಆ ಸ್ವರಕ್ಕೆ ಜನ ದೀಪದ ಕೋಲುಗಳನ್ನು ಒಟ್ಟಿಗೆ ಎತ್ತುತ್ತಾರೆಂದು ನನ್ನ ಮಗಳ ಭಾಷ್ಯವಿದೆ. ಸಂಗೀತ ನಿರ್ದೇಶಕರು ಹಾಡು ಕಟ್ಟಿದ್ದೇ ಆ ಜಿಗಿತಕ್ಕಾಗಿ. ನಿರ್ಮಾಪಕರು ದುಡ್ಡು ಹಾಕಿದ್ದೂ ಅದಕ್ಕೇ.

ನಾನು ನನ್ನ ಕುರ್ಚಿಯಲ್ಲಿ ಕೂತಿದ್ದೆ, ಅಂತೂ ಸ್ವಸ್ಥಾನ ಸಿಕ್ಕಿತೆಂದು. ನಟರು ಮ್ಯಾನೇಜರ ಕಿವಿಯಲ್ಲಿ ಏನೋ ಹೇಳಿದರು. ಮ್ಯಾನೇಜರು ಬಂದು, ನೀವು ಒಳಗೆ ನಿಲ್ಲಬೇಕಂತೆ ಎಂದರು.

ಹಾಡಿನಲ್ಲಿ ಮರಿಗೆ ಮಾತಿಲ್ಲವಲ್ಲ ಎಂದೆ.

"ಕೇಳಿಸಿಕೊಳ್ಳೋದಕ್ಕೆ ಅಂತೆ."

ಹೋದೆ. ಕುರ್ಚಿ ಮತ್ತೆ ಗೌಡ್ರ ಪಾಲಾಯಿತು. ಎರಡನೇ ಮೈಕು ತೆಗೆಸಿದ್ದರಿಂದ ನನ್ನ ಕರ್ತವ್ಯ ನಿಲ್ಲುವುದು ಮಾತ್ರ. ಹೆಡ್‌ಫೋನಿನಲ್ಲಿ ತಾಳದ ಎಣಿಕೆ ಬಂತು, ಅವರು ಹಾಡಿದರು. ಗಾಯಕನ ದನಿಯಲ್ಲಲ್ಲ, ಕೊಕ್ಕರೆಯ ದನಿಯಲ್ಲಿ: ಉಪ್ಪುಗಾಳಿಗೆ ಸವೆದದ್ದು, ಒಂದೊಂದು ಕಡೆ ಬಿರುಕು. ಅದು ತೀರ ನನ್ನ ಕಡೆಗೇ ಬಂದಿತು. ನಾನು ಕಣ್ಣು ಮುಚ್ಚಿದೆ. ಅದು ತನ್ಮಯತೆಯೋ, ಬೆಳಗಿನ ಫ್ರೀವೇಯ ಆಯಾಸವೋ, ಆ ಬಗ್ಗೆ ಇಲ್ಲಿ ಚರ್ಚೆ ಬೇಡ.

ಕೊನೆಯ ಸಾಲು ಬಂತು. ಹಾರಬೇಕಾದ ಜಾಗದಲ್ಲಿ ದನಿ ಹಾರಲಿಲ್ಲ. ಅಲ್ಲೇ ತಗ್ಗಿತು, ಪಿಸುಮಾತಾಯಿತು, ಸ್ವರ ಉಸಿರಾಗಿ ಮುಗಿಯಿತು. ಬೆಚ್ಚಿ ಕಣ್ಣು ಬಿಟ್ಟೆ. ಅವರು ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದರು. ಮರಿ ನಿದ್ದೆ ಹೋಗಿತ್ತು. ಎಬ್ಬಿಸಬಾರದೆಂದು ಕೊಕ್ಕರೆ ದನಿ ತಗ್ಗಿಸಿತ್ತು.

ಗಾಜಿನಾಚೆ ಸಂಗೀತ ನಿರ್ದೇಶಕರು ಎದ್ದು ನಿಂತಿದ್ದರು. ಸ್ವರ ಎಲ್ಲಿ, ನಾನು ಬರೆದ ಸ್ವರ ಎಲ್ಲಿ ಎಂದು ಕೈಯಲ್ಲೇ ಕೇಳುತ್ತಿದ್ದರು. ನಿರ್ಮಾಪಕರು ಅವರ ತೋಳು ಹಿಡಿದು ಕೂರಿಸಿದರು. ಮತ್ತೊಮ್ಮೆ ಕೇಳಿಸಿ ಎಂದರು. ಗೌಡ್ರು ಕೇಳಿಸಿದರು. ಆಮೇಲೆ ನಿರ್ಮಾಪಕರು ನಿರ್ದೇಶಕಿಗೆ ಹೇಳಿದ್ದು ಬೂತಿನೊಳಗೂ ಕೇಳಿಸಿತು, ಗುಂಡಿ ಒತ್ತಿಯೇ ಇತ್ತು:

"ನಾಳೆಯ ಮನುಷ್ಯನಿಗೆ ಫೋನ್ ಮಾಡಿ. ಬರೋದು ಬೇಡ ಅಂತ ಹೇಳಿ. ನಮಗೆ ಕೊಕ್ಕರೆ ಸಿಕ್ಕಿದೆ."

ಮ್ಯಾನೇಜರು ಅನುವಾದಿಸಬೇಕಾದವರು ಅನುವಾದಿಸದೆ ಅಳತೊಡಗಿದರು. ಅಷ್ಟರಿಂದಲೇ ನಟರಿಗೆ ವಿಷಯ ತಿಳಿಯಿತು. ಅವರು ಗಾಜಿಗೆ ಬಾಗಿದರು, ಮೈಕಿಗೆ ಬಾಗಿದರು, ನನಗೆ ಎಷ್ಟು ಹೊತ್ತು ಬಾಗಿದರೆಂದರೆ ನಾನೂ ಬಾಗಬೇಕಾಯಿತು, ಏಳುವುದು ಯಾವಾಗ ಎಂಬುದು ಇಬ್ಬರಿಗೂ ತಿಳಿಯದೆ ಒಂದಷ್ಟು ಹೊತ್ತು ಹಾಗೇ ಇದ್ದೆವು. ಆಚೆ ಎಲ್ಲರೂ ಕೈಕುಲುಕುತ್ತಿದ್ದರು. ನಿರ್ಮಾಪಕರು ಎಲ್ಲರಿಗೂ ಊಟ ಎಂದು ಘೋಷಿಸಿದರು. ಗೌಡ್ರು ಇಡೀ ವಾರದ ಕೆಲಸವನ್ನು ಹೆಸರಿಟ್ಟು ಮುಚ್ಚುತ್ತಿದ್ದರು.

ಎಲ್ಲ ಮುಗಿಯಿತೆಂದು ನಾನು ಬಾಗಿಲಿಗೆ ಕೈ ಹಾಕಿದೆ. ನಟರು ಮಾತ್ರ ಕದಲಲಿಲ್ಲ. ಸ್ಟ್ಯಾಂಡಿನ ಮೇಲಿಂದ ಹಾಡಿನ ಹಾಳೆ ತೆಗೆದು ಪಕ್ಕಕ್ಕಿಟ್ಟು, ಚೀಲದಿಂದ ಸೋಮವಾರದ ಸ್ಕ್ರಿಪ್ಟು ತೆಗೆದರು. ಮ್ಯಾನೇಜರ ಸಹಾಯ ಬೇಡವೆಂದು ಕೈಯೆತ್ತಿ, ಗಾಜಿನತ್ತ ತಿರುಗಿ, ತಮ್ಮದೇ ಇಂಗ್ಲಿಷಿನಲ್ಲಿ, ಅಪ್ಪಣೆ ಕೇಳುವವರಂತಲ್ಲ, ಕೆಲಸ ಗೊತ್ತಿರುವವರಂತೆ ಹೇಳಿದರು. ಸೋಮವಾರ, ಮಂಗಳವಾರ ತಾವು ಹೇಳಿದ ಮಾತುಗಳಲ್ಲಿ ಕೊಕ್ಕರೆ ಇಲ್ಲ. ಅವೆಲ್ಲ ಮತ್ತೆ ಆಗಬೇಕು.

ನಿರ್ದೇಶಕಿ ನಿರ್ಮಾಪಕರನ್ನು ನೋಡಿದರು. ನಿರ್ಮಾಪಕರು ಗಡಿಯಾರ ನೋಡಿದರು, ಕೋಟು ಬಿಚ್ಚಿ ಕುರ್ಚಿಗೆ ಹಾಕಿ ಕೂತರು.

"ಮೇಡಂ," ಎಂದು ಸ್ಪೀಕರಿನಲ್ಲಿ ಗೌಡ್ರ ದನಿ ಬಂತು. "ಎರಡು ದಿನದ್ದು ಹೆಂಗೋ ಕತ್ತರ್ಸಿ ಜೋಡ್ಸಿ ಇಟ್ಟಿದ್ನಲ್ಲ ನಾನು. ಅದೆಲ್ಲ?"

"ಅಳಿಸಿ ಗೌಡ್ರೇ," ಎಂದೆ, ಎರಡನೇ ಮೈಕನ್ನು ಮತ್ತೆ ಸ್ಟ್ಯಾಂಡಿಗೆ ಸಿಕ್ಕಿಸುತ್ತ.

ನಟರು ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟರು. "ಪೇಜ್ ಒನ್, ಪ್ಲೀಸ್," ಎಂದರು.